ಇಲ್ಲದ ಸುಮಿತ್ರಳ ಉಳುಕಿದ ಕಾಲು

ಇವತ್ತು ನಾನು ಮಾಡಿದ ಕೆಲಸಗಳು ಇಷ್ಟು. ಬೆಳಗ್ಗೆ ಎದ್ದು ಡಿಕಾಕ್ಷನ್ ಹಾಕಿದೆ. ಹಳದಿ ಮುಚ್ಚಳದ ಕಸದ ಬಿನ್ನನ್ನು ರಸ್ತೆಯಂಚಿಗೆ ತಳ್ಳಿಕೊಂಡು ಹೋಗಿ, ಎದುರುಮನೆಯವರು ಕೆಂಪು ಮುಚ್ಚಳದ್ದನ್ನು ಇಟ್ಟಿರುವುದನ್ನು ಕಂಡು, ಈ ವಾರ ಯಾವುದರ ಸರದಿಯೆಂದು ತಪ್ಪಿದವರು ಅವರೋ ನಾನೋ ತಿಳಿಯದೆ ಎರಡನ್ನೂ ಇಟ್ಟು ಬಂದೆ. ಓವನ್ನಿನೊಳಗೆ ದೀಪ ಹಾಕಿ ಮಲಗಿಸಿದ್ದ ದೋಸೆ ಹಿಟ್ಟು ಪರ್ತ್‌ನ ಈ ಜೂನ್ ಚಳಿಯಲ್ಲೂ ಉಬ್ಬಿದೆಯೆಂದು ಸಂತೋಷಪಟ್ಟೆ. ಯಜಮಾನರು ಗಣಿಯಿಂದ ತಂದು, ಮತ್ತೆ ಗಣಿಗೆ ಹೋಗುವ ಮೊದಲು ಗುಡ್ಡೆ ಹಾಕಿದ್ದ ಕಿತ್ತಳೆ ಬಣ್ಣದ ಅಂಗಿಗಳನ್ನು ಬೇರೆಯಾಗಿ ಒಗೆದು, ವಾಷಿಂಗ್ ಮಷೀನಿನ ಹೊಟ್ಟೆಯಿಂದ ಕೆಂಪು ದೂಳು ಒರೆಸಿದೆ. ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟೆ. ಕರಿಬೇವಿನ ಕುಂಡವನ್ನು ಬಿಸಿಲು ಬಂದ ಕಡೆಗೆ ಸರಿಸಿದೆ. ನಾದಿನಿ ಕಳಿಸಿದ ಸಮುದ್ರದ ಫೋಟೋಗೆ ಒಂದು ಕೆಂಪು ಹೃದಯ ಒತ್ತಿದೆ. ಸಂಜೆಯ ಹೊತ್ತಿಗೆ, ಈ ಭೂಮಿಯ ಮೇಲೆ ಎಲ್ಲೂ ಇಲ್ಲದ ಒಬ್ಬ ಹೆಂಗಸಿನ ಉಳುಕಿದ ಕಾಲಿಗೆ ಪಟ್ಟು ಹಾಕಿಸಿ ಅವಳನ್ನು ಮತ್ತೆ ನಡೆಯುವಂತೆ ಮಾಡಿದೆ. ಉಳಿದವೆಲ್ಲ ಎಲ್ಲರ ಮನೆಯಲ್ಲೂ ಇರುವ ಕೆಲಸಗಳು. ಕೊನೆಯದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ಹೊಟ್ಟೆಕಿಚ್ಚು ಪಡುವುದರಲ್ಲೂ ಒಬ್ಬೊಬ್ಬರದು ಒಂದೊಂದು ರೀತಿ. ಕೆಲವರದು ಒಗ್ಗರಣೆಯಂತೆ, ಚಟಪಟ ಸಿಡಿದು ಮನೆಯವರಿಗೆಲ್ಲ ಕೆಮ್ಮು ತರಿಸಿ ಆಮೇಲೆ ತಣ್ಣಗಾಗುತ್ತದೆ. ನನ್ನದು ಸಣ್ಣ ಉರಿಯ ಮೇಲಿಟ್ಟ ಹಾಲು. ಉಕ್ಕುವುದಿಲ್ಲ, ಆರುವುದೂ ಇಲ್ಲ. ಮೇಲೆ ಕೆನೆ ದಪ್ಪವಾಗುತ್ತಾ ಹೋಗುತ್ತದೆ, ನೋಡಿದವರು ಅದನ್ನೇ ಪ್ರೀತಿಯೆಂದು ತಿಳಿಯುತ್ತಾರೆ. ಪಕ್ಕದ ಮನೆಯ ನಿಂಬೆಗಿಡ, ದೇವಸ್ಥಾನದಲ್ಲಿ ಸಿಗುವ ಗೆಳತಿಯ ತೆಳ್ಳಗಿನ ಸೊಂಟ, ಯಾರದೋ ಮನೆಯ ಕುಕ್ಕರಿನ ಹೊಸ ಗ್ಯಾಸ್ಕೆಟ್, ಹೀಗೆ ಚಿಕ್ಕಪುಟ್ಟದಕ್ಕೆಲ್ಲ ನಾನು ಕೆನೆ ಕಟ್ಟಿದವಳೇ. ಆದರೆ ನನ್ನ ನಾದಿನಿ ಶೈಲಳ ವಿಷಯದಲ್ಲಿ ಕಟ್ಟಿದ ಕೆನೆಯಿಂದ ಒಂದು ಮನೆಗಾಗುವಷ್ಟು ತುಪ್ಪ ಕಾಯಿಸಬಹುದಿತ್ತು.

ಶೈಲ ನಮ್ಮ ಯಜಮಾನರ ತಂಗಿ. ಮದುವೆ ಬೇಡವೆಂದು ಯಾವತ್ತೋ ತೀರ್ಮಾನಿಸಿ, ಅದನ್ನು ಇಂದಿಗೂ ಪುನರ್ವಿಮರ್ಶಿಸದೆ ಆರಾಮವಾಗಿರುವವಳು. ಬ್ರಿಸ್ಬೇನ್‌ನ ಎಯ್ಟ್ ಮೈಲ್ ಪ್ಲೇನ್ಸ್‌ನ ಟೆಕ್ನಾಲಜಿ ಪಾರ್ಕಿನಲ್ಲಿ ಕೆಲಸ, ಅಲ್ಲೇ ಹತ್ತಿರ ಒಂದು ಪುಟ್ಟ ಮನೆ. ಅವಳ ಫ್ರಿಜ್ಜಿನಲ್ಲಿ ಒಂದು ಮೊಸರು, ಒಂದು ನಿಂಬೆಹಣ್ಣು, ಒಂದು ಉಪ್ಪಿನಕಾಯಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಮೊದಲ ಸಲ ನೋಡಿದಾಗ ಅಯ್ಯೋ ಪಾಪ ಎಂದುಕೊಂಡೆ. ನಮ್ಮ ಮನೆಯ ಫ್ರಿಜ್ ಬಾಗಿಲು ತೆಗೆದಾಗ ಕೊತ್ತಂಬರಿ ಸೊಪ್ಪಿನ ಕಟ್ಟು ತಲೆಯ ಮೇಲೆ ಬಿದ್ದ ದಿನ ಆ ‘ಪಾಪ’ವನ್ನು ಹಿಂದಕ್ಕೆ ತೆಗೆದುಕೊಂಡೆ.

ಕಳೆದ ತಿಂಗಳು ಅವಳು ಫೋನ್ ಮಾಡಿದಳು. “ಅತ್ತಿಗೆ, ಒಂದು ಹೆಲ್ಪ್ ಮಾಡ್ತೀರಾ? ಮೊದ್ಲು ಮಾಡ್ತೀನಿ ಅನ್ನಿ, ಆಮೇಲೆ ಏನೂಂತ ಹೇಳ್ತೀನಿ.”

“ಹೇಳಮ್ಮ, ಮಾಡದೆ ಇರ್ತೀನಾ?”

“ಗ್ರೀಸ್‌ಗೆ ಹೋಗ್ತಿದ್ದೀನಿ. ದ್ವೀಪಗಳಿಗೆ. ಹಳೇ ದೇವಸ್ಥಾನಗಳು, ಅಗೆದು ತೆಗೆದಿರೋ ಊರುಗಳು, ಎಲ್ಲಾ ನಿಧಾನಕ್ಕೆ ನೋಡ್ಬೇಕು. ಒಬ್ಬಳೇ.”

“ಒಬ್ಬಳೇ ಅಂದ್ರೆ?”

“ಒಬ್ಬಳೇ ಅಂದ್ರೆ ಒಬ್ಬಳೇ ಅತ್ತಿಗೆ. ಅದ್ರಲ್ಲಿ ಇನ್ನೇನಿದೆ ಬಿಡಿಸಿ ಹೇಳೋಕೆ? ಅಮ್ಮನಿಗೆ ಮಾತ್ರ ಜೊತೇಲಿ ಫ್ರೆಂಡ್ ಇದಾಳೆ ಅಂತ ಹೇಳ್ಬಿಡಿ. ಇಲ್ಲಾಂದ್ರೆ ನಿಮಗೇ ಗೊತ್ತಲ್ಲ.”

ನನಗೆ ಗೊತ್ತಿತ್ತು. ನಮ್ಮ ಅತ್ತೆ ಪರ್ತ್‌ನಲ್ಲಿ ನಮ್ಮ ಜೊತೆಯೇ ಇದ್ದಾರೆ. ಬಹಳ ಒಳ್ಳೆಯವರು. ಅವರ ಬಳಿ ಇರುವುದು ಒಂದೇ ಆಯುಧ, ಕಾಫಿ ಬಿಡುವುದು. ಶೈಲ ಒಂದು ಸಲ ಒಬ್ಬಳೇ ಕಾರಿನಲ್ಲಿ ಬ್ರಿಸ್ಬೇನ್‌ನಿಂದ ಸಿಡ್ನಿಗೆ ಹೊರಟಾಗ, ತಲುಪಿದೆ ಎಂಬ ಫೋನ್ ಬರುವವರೆಗೆ ಅತ್ತೆ ಕಾಫಿ ಮುಟ್ಟಲಿಲ್ಲ, ಊಟ ಮಾಡಲಿಲ್ಲ. ಮಾತ್ರೆ ಮಾತ್ರ ನುಂಗಿ, ಕೈಯಲ್ಲಿ ಜಪಮಣಿ ಹಿಡಿದು, ಕಿಟಕಿಯಾಚೆ ನಮ್ಮ ಬಡಾವಣೆ ವಿಲೆಟನ್‌ನ ಖಾಲಿ ರಸ್ತೆಯನ್ನು ನೋಡುತ್ತಾ ಕೂತಿದ್ದರು, ಸಿಡ್ನಿ ಅಲ್ಲೇ ತಿರುವಿನಲ್ಲಿದೆಯೆಂಬಂತೆ. ಗ್ರೀಸ್ ದೇಶದ ದೋಣಿಗಳಲ್ಲಿ ಮಗಳು ಒಬ್ಬಳೇ ಓಡಾಡುತ್ತಿದ್ದಾಳೆಂದು ತಿಳಿದರೆ ಅತ್ತೆ ಉಪವಾಸ ಕೂರುವುದು, ಮಗಳು ಪ್ರವಾಸ ಬಿಟ್ಟು ವಿಮಾನ ಹತ್ತುವುದು, ಎರಡೂ ಖಂಡಿತ. ಅಂದರೆ ನಾದಿನಿಯ ಇಡೀ ಗ್ರೀಸ್ ನನ್ನ ಬಾಯಲ್ಲಿತ್ತು. ಒಂದು ಮಾತು ಜಾರಿದರೆ ಮುಗಿಯಿತು. ಹೊಟ್ಟೆಕಿಚ್ಚಿನವಳ ಬಾಯಲ್ಲಿ ಇಂಥದ್ದನ್ನು ಇಟ್ಟು ಹೋಗುವುದು ಎಂಥ ಧೈರ್ಯ, ನೀವೇ ಹೇಳಿ.

ಮರುದಿನ ದೋಸೆ ಹಾಕುತ್ತಲೇ ವಿಷಯ ತೆಗೆದೆ. ಅತ್ತೆ ತಟ್ಟೆ ಪಕ್ಕಕ್ಕಿಟ್ಟರು.

“ಜೊತೆಗೆ ಯಾರು?”

“ಫ್ರೆಂಡು ಅತ್ತೆ. ಸುಮಿತ್ರ ಅಂತ.”

“ಯಾವ ಸುಮಿತ್ರ? ಎಲ್ಲಿರೋದು?”

ಬ್ರಿಸ್ಬೇನ್ ಎಂದರೆ ಅಲ್ಲಿಯ ಕನ್ನಡದ ಹೆಂಗಸರ ಪೈಕಿ ನಾಲ್ಕು ಜನಕ್ಕಾದರೂ ಅತ್ತೆ ಫೋನ್ ಮಾಡುತ್ತಾರೆ. ಪರ್ತ್ ಎಂದರೆ ಶನಿವಾರ ದೇವಸ್ಥಾನದಲ್ಲಿ ಹುಡುಕುತ್ತಾರೆ. “ಅಡಿಲೇಡ್” ಎಂದೆ. ಅಡಿಲೇಡ್‌ನಲ್ಲಿ ಎಲ್ಲಿ ಎಂದರು. ನನ್ನ ನಾಲಿಗೆಗೆ ಬರುವ ಅಡಿಲೇಡ್ ಎಂದರೆ ನಮ್ಮ ಮಗಳು ಯೂನಿವರ್ಸಿಟಿಗಾಗಿ ಬಾಡಿಗೆ ರೂಮು ಮಾಡಿಕೊಂಡಿರುವ ಕಿಲ್ಬರ್ನ್ ಒಂದೇ. “ಕಿಲ್ಬರ್ನ್” ಎಂದುಬಿಟ್ಟೆ.

“ನಮ್ಮ ಕಡೆ ಯಾವೂರು?”

“ಅರಸೀಕೆರೆ.” ರೈಲು ನಿಂತಾಗ ವಡೆ ತಿಂದಿದ್ದು ಬಿಟ್ಟರೆ ನಮ್ಮ ಮನೆತನಕ್ಕೂ ಅರಸೀಕೆರೆಗೂ ಯಾವ ಸಂಬಂಧವೂ ಇಲ್ಲ. ಅದಕ್ಕೇ ಆರಿಸಿದೆ.

“ಅರಸೀಕೆರೇಲಿ ಯಾರ ಪೈಕಿ?”

ಅದು ಗೊತ್ತಿಲ್ಲ ಎಂದೆ. ಅತ್ತೆ ಕಣ್ಣು ಮುಚ್ಚಿಕೊಂಡರು. ನಮ್ಮ ಕಡೆಯ ಹಿರಿಯರು ಹೀಗೆ ಕಣ್ಣು ಮುಚ್ಚಿದರೆ ಒಳಗೆ ಇಡೀ ಮೈಸೂರು ರಾಜ್ಯದ ಮದುವೆ ಮನೆಗಳು ಒಂದೊಂದಾಗಿ ಬಾಗಿಲು ತೆಗೆಯುತ್ತವೆ. ದೋಸೆಯ ಎರಡನೇ ಮಗ್ಗುಲು ಬೇಯುವುದರೊಳಗೆ ಕಣ್ಣು ಬಿಟ್ಟರು. “ಸ್ಟೇಷನ್ ಮಾಸ್ಟರ್ ರಂಗರಾಯರ ತಮ್ಮನ ಮೊಮ್ಮಗಳಿರ್ಬೇಕು. ನಮ್ಮ ಸೋದರತ್ತೆ ಮಗಳ ಧಾರೇಲಿ ನೋಡಿದ್ದೆ. ಲಂಗ ಹಾಕ್ಕೊಂಡು ಓಡಾಡ್ತಿತ್ತು ಮಗು. ಮೂಗು ಸ್ವಲ್ಪ ಮೊಂಡು.”

“ಹೌದು ಅತ್ತೆ,” ಎಂದೆ, “ಮೂಗು ಸ್ವಲ್ಪ ಮೊಂಡೇ.”

ನಾನು ಕೊಟ್ಟದ್ದು ಬರೀ ಒಂದು ಹೆಸರು. ಕಾಫಿ ಕುಡಿದು ಮುಗಿಯುವುದರೊಳಗೆ ಅದಕ್ಕೆ ಮೂಗು, ಅಜ್ಜ, ಒಂದು ಲಂಗ ಎಲ್ಲವೂ ಬಂದಿದ್ದವು. ಮಧ್ಯಾಹ್ನ ಮಗಳ ಫೋನ್ ಬಂತು. ಅಜ್ಜಿ ಆಗಲೇ ಅವಳಿಗೆ ಫೋನ್ ಮಾಡಿ, ಸುಮಿತ್ರ ಆಂಟಿ ನಿಮ್ಮ ಕಿಲ್ಬರ್ನ್‌ನಲ್ಲೇ ಇರೋದು, ಊರಿಂದ ವಾಪಸ್ ಬಂದ ಮೇಲೆ ಹೋಗಿ ನಮಸ್ಕಾರ ಮಾಡಿ ಬಾ ಎಂದಿದ್ದರು. ನಮ್ಮ ಮಗಳಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಬಾಯಲ್ಲಿ ಮಾತ್ರ ಇಂಗ್ಲಿಷ್. ಇದು ನಾನು ಕಟ್ಟಿದ ಕಥೆಯೆಂದು ಅವಳಿಗೆ ತಕ್ಷಣ ಗೊತ್ತಾಗಿತ್ತು. “ಮಾಮ್, ದೇರ್ ಈಸ್ ಅ ಹೋಲ್ ಕಂಟ್ರಿ. ವೈ ಮೈ ಸಬರ್ಬ್?” ಎಂದಳು.

ಶೈಲ ಹೊರಟಳು. ಅಲ್ಲಿಂದ ಫೋಟೋಗಳು ಬರತೊಡಗಿದವು. ಅಲ್ಲಿ ಬೆಳಗಾಗುವ ಹೊತ್ತಿಗೆ ಇಲ್ಲಿ ಮಧ್ಯಾಹ್ನ. ನಾನು ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವಾಗ ಫೋನ್ ಟಣ್ ಎನ್ನುತ್ತಿತ್ತು. ನಾಕ್ಸೋಸ್ ಎಂಬ ದ್ವೀಪದಲ್ಲಿ ಕಡಲಂಚಿಗೆ ಒಂದು ಭಾರಿ ಅಮೃತಶಿಲೆಯ ಬಾಗಿಲವಾಡ ನಿಂತಿದೆ. ಹಿಂದೆ ದೇವಸ್ಥಾನವಿಲ್ಲ, ಬರೀ ಆಕಾಶ. ಕಟ್ಟಲು ಹೊರಟವರು ಮುಗಿಸಲೇ ಇಲ್ಲವಂತೆ. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿ, “ನಮ್ಮ ಹಿತ್ತಲಿನ ಪ್ಯಾಟಿಯೋ ಚಪ್ಪರ ಹಿಡಿದು ಅರ್ಧಕ್ಕೇ ಬಿಟ್ಟೋನೇ ಅಲ್ಲೂ ಹಿಡಿದಿದ್ದ ಅಂತ ಕಾಣುತ್ತೆ” ಎಂದರು. ಅದೇ ದ್ವೀಪದ ಗುಡ್ಡದ ಮೇಲೆ ಕಲ್ಲುಗಣಿಯಲ್ಲಿ ಒಬ್ಬ ದೈತ್ಯ ಪುರುಷ ಅಂಗಾತ ಮಲಗಿದ್ದಾನೆ. ಅರ್ಧ ಕೆತ್ತಿದ ಮೇಲೆ ಕಲ್ಲು ಬಿರುಕು ಬಿಟ್ಟಿತೋ ಏನೋ, ಶಿಲ್ಪಿಗಳು ಅಲ್ಲೇ ಬಿಟ್ಟು ಹೋದರಂತೆ, ಇಂದಿಗೂ ಹಾಗೇ ಬಿದ್ದಿದ್ದಾನೆ. ಇವನನ್ನು ನೋಡಲು ಬಿಸಿಲಲ್ಲಿ ಬೆಟ್ಟ ಹತ್ತಿದೆ ಎಂದು ಶೈಲ ಬರೆದಿದ್ದಳು. ಅದಕ್ಕೆ ಅಷ್ಟು ದೂರ ಹೋಗಬೇಕಿತ್ತೆ? ಯಜಮಾನರು ಗಣಿಯಿಂದ ರಜೆಗೆ ಬಂದ ವಾರ ನಮ್ಮ ಮನೆಗೆ ಬಂದಿದ್ದರೆ ಅಂಥದ್ದನ್ನೇ ಸೋಫಾದ ಮೇಲೆ ತೋರಿಸುತ್ತಿದ್ದೆ.

ಯಜಮಾನರು ಭೂವಿಜ್ಞಾನಿ, ಒಂದಿಷ್ಟು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ, ಹೀಗೆ ರೋಸ್ಟರಿನ ಮೇಲೆ ಕೆಲಸ. ತಂಗಿಯ ಫೋಟೋಗಳನ್ನೆಲ್ಲ ಗಣಿಯಲ್ಲಿ ಕೂತು ನೋಡಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಕಲ್ಲಿನ ಕ್ಲೋಸಪ್ ಒಂದೂ ಇಲ್ವಲ್ಲೇ ಜಯ. ಮುಂದೆ ಬಂದು ನಿಂತ್ಕೋಬೇಡ ಅಂತ ಹೇಳು ಅವಳಿಗೆ.”

ಆಮೇಲೆ ಡೆಲೋಸ್ ಎಂಬ ಚಿಕ್ಕ ದ್ವೀಪ. ಅಲ್ಲಿ ಸಾಲಾಗಿ ಕೂತ ಸಿಂಹಗಳು, ಉರುಳಿದ ಕಂಬಗಳು. ಪ್ರವಾಸಿಗಳು ಬೆಳಗ್ಗೆ ದೋಣಿಯಲ್ಲಿ ಹೋಗಿ ಕತ್ತಲಾಗುವ ಮೊದಲು ವಾಪಸಾಗಬೇಕು. ಪುರಾತನ ಕಾಲದಲ್ಲಿ ಅಲ್ಲಿ ಯಾರೂ ಹೆರುವಂತಿರಲಿಲ್ಲ, ಸಾಯುವಂತಿರಲಿಲ್ಲ, ಅಷ್ಟು ಪವಿತ್ರವಂತೆ. ಅತ್ತೆಗೆ ಇದು ಬಹಳ ಹಿಡಿಸಿತು. “ಪುರುಡು ಇಲ್ಲ, ಸೂತಕ ಇಲ್ಲ. ಹಬ್ಬ ತಪ್ಪೋ ಪ್ರಶ್ನೆಯೇ ಇಲ್ಲ. ಎಂಥ ಅಚ್ಚುಕಟ್ಟು ಜನ!”

ನನಗೆ ಕಿಚ್ಚು ಹತ್ತಿದ್ದು ಸಿಂಹಗಳಿಗಲ್ಲ, ಆ ನೀಲಿ ಕಡಲಿಗೂ ಅಲ್ಲ. ಕಡಲು ಇಲ್ಲೂ ಇದೆ, ಬೇಕಾದಷ್ಟಿದೆ. ಒಂದು ಮಧ್ಯಾಹ್ನ ಶೈಲ ಒಂದು ಹೋಟೆಲಿನ ಜಗುಲಿಯ ಫೋಟೋ ಕಳಿಸಿದಳು. ಒಂದು ಮೇಜು, ಒಂದು ಕುರ್ಚಿ, ಒಂದು ಲೋಟ ಕಾಫಿ, ಮಡಚಿಟ್ಟ ಒಂದು ಪುಸ್ತಕ. ಅಷ್ಟೇ. ಅದರಲ್ಲಿ ಇನ್ನೊಂದು ಲೋಟವಿರಲಿಲ್ಲ. ಯಾರಿಗೂ ಸಕ್ಕರೆ ಕಡಿಮೆಯಾಗಿರಲಿಲ್ಲ, ಯಾರದೂ ಆರಿಹೋಗಿರಲಿಲ್ಲ. ನಾನು ಆ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ನಾನು ಒಬ್ಬಳೇ ಮಾಡಿರುವ ಅತಿ ದೊಡ್ಡ ಪ್ರಯಾಣವೆಂದರೆ ಬಸ್ಸು ಹಿಡಿದು ಪಕ್ಕದ ಬಂದರೂರು ಫ್ರೀಮ್ಯಾಂಟಲ್‌ಗೆ ಹೋಗಿದ್ದು. ಅಲ್ಲಿ ಹಡಗು ನೋಡಿದೆನೋ ಇಲ್ಲವೋ, ಮನೆಗೆ ಫೋನ್ ಮಾಡಿ ತೊಗರಿಬೇಳೆ ಯಾವ ಡಬ್ಬದಲ್ಲಿದೆ, ಗೀಸರಿನ ಸ್ವಿಚ್ ಯಾವುದು, ಮೊಸರನ್ನು ಯಾಕೆ ಹೊರಗಿಡಬಾರದು ಎಂದೆಲ್ಲ ಹೇಳಿದ್ದು ಮಾತ್ರ ನೆನಪಿದೆ.

ಇಷ್ಟಾದರೂ ಬಾಯಿ ಬಿಡಲಿಲ್ಲ. ಅದಕ್ಕೆ ನನ್ನನ್ನು ಹೊಗಳಬೇಡಿ. ನನ್ನ ಕಿಚ್ಚು ಅಷ್ಟರಲ್ಲಿ ಬೇರೆ ಕಡೆಗೆ ತಿರುಗಿತ್ತು, ಸುಮಿತ್ರಳ ಮೇಲೆ.

ಅತ್ತೆ ದಿನವೂ ಅವಳನ್ನು ವಿಚಾರಿಸುತ್ತಿದ್ದರು. “ಅಲ್ಲಾ, ಒಂದು ಫೋಟೋದಲ್ಲೂ ಆ ಹುಡುಗಿ ಕಾಣೋಲ್ವಲ್ಲ?” ಎಂದರು ಒಂದು ದಿನ.

“ಫೋಟೋ ತೆಗೆಯೋಳೇ ಅವಳು ಅತ್ತೆ.”

“ನೋಡು! ತನ್ನದೊಂದು ತೆಗಿ ಅಂತ ಬಾಯ್ಬಿಟ್ಟು ಕೇಳೋಲ್ಲ. ಎಂಥ ನಿಸ್ವಾರ್ಥಿ.”

ನಮ್ಮ ಮನೆಯ ಆಲ್ಬಮ್ಮುಗಳಲ್ಲಿ ಹುಡುಕಿದರೆ ನಾನು ಸಿಗುವುದು ಎಲ್ಲೋ ಒಂದೆರಡು ಕಡೆ, ಅದೂ ಕೇಕಿನ ಹಿಂದೆ ಅರ್ಧ. ಉಳಿದ ಫೋಟೋಗಳನ್ನೆಲ್ಲ ತೆಗೆದವಳು ನಾನು. ನಿಸ್ವಾರ್ಥಿ ಎಂಬ ಪದ ಅತ್ತೆಯ ಬಳಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಶೈಲ ಊಟಕ್ಕೇನು ಮಾಡುತ್ತಾಳೆ ಎಂದು ಅತ್ತೆ ಕೇಳಿದರೆ, ಸುಮಿತ್ರ ಪುಟ್ಟ ರೈಸ್ ಕುಕ್ಕರ್ ಒಯ್ದಿದ್ದಾಳೆ, ಚಿತ್ರಾನ್ನ ಮಾಡುತ್ತಾಳೆ ಎಂದೆ. ದೋಣಿಯಲ್ಲಿ ಹೊಟ್ಟೆ ತೊಳೆಸಿದರೆ? ಸುಮಿತ್ರಳ ಚೀಲದಲ್ಲಿ ಶುಂಠಿ ಇದೆ ಎಂದೆ. ಬೆಳಗ್ಗೆ ಬೇಗ ಏಳುತ್ತಾಳಾ? ಸ್ನಾನ ಮುಗಿಸಿಯೇ ಕಾಫಿ ಎಂದೆ. ಹೀಗೆ ಯೋಚಿಸದೆ ನನ್ನ ಗುಣಗಳನ್ನೇ ಒಂದೊಂದಾಗಿ ತೆಗೆದು ಅವಳಿಗೆ ತೊಡಿಸುತ್ತಾ ಹೋದೆ. ಅದೇ ಶುಂಠಿ, ಅದೇ ಚಿತ್ರಾನ್ನ. ನನ್ನ ಮೈಮೇಲಿದ್ದಾಗ ಯಾರ ಕಣ್ಣಿಗೂ ಬೀಳದ್ದು ಅವಳ ಮೇಲೆ ಝಗಝಗ ಹೊಳೆಯತೊಡಗಿತು. ಅತ್ತೆ ಒಂದು ಸಂಜೆ ಅವರೆಕಾಳು ಬಿಡಿಸುತ್ತಾ ಹೇಳಿದರು: “ನೀನೂ ಆ ಸುಮಿತ್ರನ ಥರ ಸ್ವಲ್ಪ ಹೊರಗೆ ಓಡಾಡ್ಕೊಂಡು ಬಾರಮ್ಮ ಜಯ. ಮನೇಲೇ ಕೂತು ಕೂತು ನೋಡು, ಮುಖ ಹೇಗೆ ಬಾಡಿದೆ.” ನಾನು ಒಳಗೆ ಹೋಗಿ ಕನ್ನಡಿಯಲ್ಲಿ ನೋಡಿಕೊಂಡೆ. ನನ್ನ ಮೂಗು ಮೊಂಡಲ್ಲ. ಅಷ್ಟು ಮಾತ್ರ ಸಮಾಧಾನವಾಯಿತು.

ನಿನ್ನೆ ವಿಷಯ ಕೈ ಮೀರಿತು. ಅತ್ತೆಯ ಪೆಟ್ಟಿಗೆಯಲ್ಲಿ ಮಾವಿನ ಚಿಗುರು ಬಣ್ಣದ ಒಂದು ಮೈಸೂರು ರೇಷ್ಮೆ ಸೀರೆಯಿದೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದರ ಮೇಲೆ ನನ್ನ ಕಣ್ಣು. ಬಾಯಿಬಿಟ್ಟು ಕೇಳಿದವಳಲ್ಲ, ಪ್ರತಿ ವರ್ಷ ಅದನ್ನು ಬಿಸಿಲಿಗೆ ಹರಡಿ, ಮಡಿಕೆ ಬದಲಾಯಿಸಿ, “ಎಷ್ಟು ಚೆನ್ನಾಗಿದೆ ಅತ್ತೆ” ಎನ್ನುತ್ತೇನೆ. ಅದಕ್ಕಿಂತ ಸ್ಪಷ್ಟವಾಗಿ ಒಬ್ಬ ಸೊಸೆ ಹೇಗೆ ಕೇಳಬೇಕು? ನಿನ್ನೆ ಮಧ್ಯಾಹ್ನ ನೋಡಿದರೆ ಆ ಸೀರೆ ಅತ್ತೆಯ ಮಂಚದ ಮೇಲಿದೆ. ಪಕ್ಕದಲ್ಲಿ ಅರಿಶಿನ ಕುಂಕುಮದ ಪೊಟ್ಟಣ, ಒಂದು ರವಿಕೆ ಕಣ.

“ಏನು ಅತ್ತೆ ಇದು?” ಎಂದೆ.

“ಸುಮಿತ್ರನಿಗೆ ಉಡಿ ತುಂಬೋಣ ಅಂತ. ಮಗಳನ್ನ ಕಣ್ರೆಪ್ಪೆ ಥರ ನೋಡ್ಕೊಂಡಿದಾಳೆ. ಶೈಲ ಬಂದ್ಮೇಲೆ ಅವಳ ಕೈಲಿ ಕೊಟ್ಟು ಕಳಿಸ್ತೀನಿ. ನೀನೇ ಹೇಳ್ತಿರ್ತೀಯಲ್ಲ, ಎಷ್ಟು ಚೆನ್ನಾಗಿದೆ ಅಂತ.”

ಅಡುಗೆಮನೆಗೆ ಬಂದು ನಲ್ಲಿ ಬಿಟ್ಟುಕೊಂಡು ನಿಂತೆ. ಕೆನೆ ಕಟ್ಟಿದ ಹಾಲು ಅಷ್ಟು ವರ್ಷಗಳ ಮೇಲೆ ಮೊದಲ ಸಲ ಉಕ್ಕಿತು. ಫೋನ್ ಟಣ್ ಎಂದಿತು. ಯಾವುದೋ ದ್ವೀಪದ ಕೋಟೆಯ ಮೇಲೆ ದೇವಸ್ಥಾನಕ್ಕೆ ಹತ್ತುವ ಕಲ್ಲಿನ ಮೆಟ್ಟಿಲುಗಳು, ಸವೆದು ನುಣ್ಣಗೆ ಹೊಳೆಯುತ್ತಿದ್ದವು. ಅಷ್ಟು ಸಾಕಾಯಿತು. ಹಜಾರಕ್ಕೆ ಬಂದು ಬಹಳ ದುಃಖದ ದನಿಯಲ್ಲಿ, “ಅತ್ತೆ, ಸುಮಿತ್ರ ಮೆಟ್ಟಿಲ ಮೇಲೆ ಜಾರಿ ಬಿದ್ದಳಂತೆ. ಕಾಲು ಉಳುಕಿ ದಪ್ಪಗೆ ಊದಿದೆಯಂತೆ. ಪಾಪ, ಪ್ರವಾಸ ಮೊಟಕು ಮಾಡ್ಕೊಂಡು ಅಡಿಲೇಡ್‌ಗೆ ವಾಪಸ್ ಹೊರಟಿದಾಳೆ” ಎಂದೆ.

ಒಬ್ಬ ವ್ಯಕ್ತಿಯನ್ನು ಬೀಳಿಸಿ ಇಷ್ಟು ಹಗುರವಾದದ್ದು ನನ್ನ ಜೀವಮಾನದಲ್ಲೇ ಇಲ್ಲ. ಇನ್ನು ಕಣ್ರೆಪ್ಪೆಯೂ ಇಲ್ಲ, ಉಡಿಯೂ ಇಲ್ಲ, ಸೀರೆ ಪೆಟ್ಟಿಗೆಗೆ ವಾಪಸ್. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಅಯ್ಯೋ ಅಯ್ಯೋ ಎಂದರು. ಆಮೇಲೆ ಕೇಳಿದರು:

“ಹಾಗಾದ್ರೆ ಈಗ ಶೈಲ ಒಬ್ಬಳೇನಾ?”

ನಿಜ ಹೇಳುತ್ತೇನೆ, ಆ ಕ್ಷಣದವರೆಗೆ ಅದು ನನಗೆ ಹೊಳೆದಿರಲಿಲ್ಲ. ಶೈಲಳಿಗೆ ಜೊತೆ ಬೇಕೆಂದೇ ಹುಟ್ಟಿಸಿದ ಹೆಂಗಸನ್ನು ಹೊಟ್ಟೆಕಿಚ್ಚಿನಲ್ಲಿ ಮನೆಗೆ ಕಳಿಸಿದ್ದೆ. ಸುಮಿತ್ರ ಯಾಕಿದ್ದಾಳೆ ಎಂಬುದೇ ಮರೆತುಹೋಗುವಷ್ಟು ಅವಳು ನನಗೆ ನಿಜವಾಗಿದ್ದಳು.

ಅತ್ತೆ ಸಂಜೆ ಕಾಫಿ ಬೇಡವೆಂದರು, ಊಟ ಬೇಡವೆಂದರು. ಜಪಮಣಿ ಹೊರಬಂತು. ಮಗನಿಗೆ ಗಣಿಗೆ ಫೋನ್ ಹೋಯಿತು. ಅಮ್ಮ ಕಾಫಿ ಬಿಟ್ಟಿದ್ದಾರೆಂದರೆ ನಮ್ಮ ಯಜಮಾನರಿಗೆ ಗಣಿಯಲ್ಲಿ ಸೈರನ್ ಕೂಗಿದ ಹಾಗೆ. ಕೊನೆಗೆ ಅತ್ತೆಯೇ ತೀರ್ಪು ಹೇಳಿದರು: “ಜಯನ್ನ ಕಳಿಸು. ಅತ್ತಿಗೆ ಜೊತೆಗಿದ್ರೆ ನಂಗೆ ಯೋಚನೆಯಿಲ್ಲ.” ಯಜಮಾನರು ನನ್ನೊಡನೆ ಮಾತಾಡಿದರು. “ಹೋಗ್ಬಾ ಜಯ. ನಾನು ರೋಸ್ಟರ್ ಬದಲಾಯಿಸ್ಕೊಂಡು ಬರ್ತೀನಿ. ಅಮ್ಮನ್ನ ನೋಡ್ಕೋತೀನಿ. ಎಷ್ಟು ವರ್ಷ ಆಯ್ತು ನೀನು ಎಲ್ಲಾದ್ರೂ ಹೋಗಿ? ಹಾಂ, ಅಲ್ಲಿಂದ ಒಂದು ಕಲ್ಲು... ಬೇಡ ಬಿಡು, ಅಲ್ಲಿಂದ ಕಲ್ಲು ತರಬಾರದು.”

ಕೇಳಿದಿರಾ? ಗ್ರೀಸ್! ನಾನು! ಉಳುಕಿದ ಕಾಲೊಂದು ಬಂದು ನಮ್ಮ ಮನೆಯ ಬಾಗಿಲನ್ನು ಒದ್ದು ತೆಗೆದಂತಾಯಿತು. ಬೆಳಗ್ಗೆ ಬಿನ್ ತಳ್ಳುವಾಗಲೂ ಬಟ್ಟೆ ಒಗೆಯುವಾಗಲೂ ನನ್ನ ಕಾಲು ನೆಲದ ಮೇಲಿರಲಿಲ್ಲ. ಗ್ಯಾರೇಜಿನಿಂದ ಸೂಟ್‌ಕೇಸ್ ಇಳಿಸಿದೆ. ನಡೆಯುವ ಬೂಟು ಹಾಕಿಕೊಂಡು ಹಜಾರದಲ್ಲಿ ಎರಡು ಸುತ್ತು ಬಂದೆ. ರೈಸ್ ಕುಕ್ಕರ್ ಒರೆಸಿಟ್ಟೆ, ಶುಂಠಿ ಕಟ್ಟಿಕೊಂಡೆ. ಆ ಜಗುಲಿಯ ಮೇಜಿನ ಬಳಿ ನಾನು ಕೂತಂತೆ, ಎದುರಿಗೆ ಕಡಲಿದ್ದಂತೆ, ಪಕ್ಕದಲ್ಲಿ ಶೈಲಳಿಗೂ ಒಂದು ಕುರ್ಚಿ ಹಾಕಿಸಿದಂತೆ ಕಲ್ಪಿಸಿಕೊಂಡೆ. ಅಲ್ಲಿ ಬೆಳಗಾಗುವ ಹೊತ್ತು ನೋಡಿಕೊಂಡು, ಅತ್ತೆ ಬಚ್ಚಲಿಗೆ ಹೋದಾಗ, ಹಿತ್ತಲಿಗೆ ಬಂದು ಶೈಲಳಿಗೆ ಫೋನ್ ಹಚ್ಚಿದೆ.

ನಡೆದದ್ದನ್ನೆಲ್ಲ ಹೇಳಿದೆ. ಸೀರೆಯದನ್ನೂ ಹೇಳಿಬಿಟ್ಟೆ. ಕಾಲು ಉಳುಕಿಸಿದ ಕಥೆಗೆ ಅವಳು ನಕ್ಕು ನಕ್ಕು ಕೆಮ್ಮಿದಳು. “ಅಯ್ಯೋ ಅತ್ತಿಗೆ, ಪಾಪದ ಸುಮಿತ್ರ!” ಎಂದಳು. ಆಮೇಲೆ, “ಅದಕ್ಕೇ ನಾನೇ ಬರ್ತಿದ್ದೀನಿ ಕಣೇ ಶೈಲ” ಎಂದೆ. ಅವಳ ನಗು ಅಲ್ಲೇ ನಿಂತಿತು.

“ನೀವು... ಬರ್ತೀರಾ ಅತ್ತಿಗೆ?”

“ಯಾಕೆ, ರೂಮು ಸಾಲಲ್ವಾ?”

“ಅಯ್ಯೋ ಹಾಗಲ್ಲ. ಬೇಜಾರು ಮಾಡ್ಕೋಬೇಡಿ. ನೀವಂದ್ರೆ ನಂಗೆ ಇಷ್ಟ, ಗೊತ್ತಲ್ಲ ನಿಮಗೆ. ಆದ್ರೆ ಇಲ್ಲಿ ಬಂದ್ಮೇಲೆ ಊಟ ಮಾಡೋಣ್ವಾ ಅಂತ ನಾನು ಯಾರನ್ನೂ ಕೇಳಿಲ್ಲ. ಯಾರೂ ನನ್ನ ಕೇಳಿಲ್ಲ. ನಿನ್ನೆ ಒಂದು ಮುರಿದ ಕಂಬದ ಹತ್ರ ಸುಮ್ನೆ ಕೂತಿದ್ದೆ, ಬಿಸಿಲು ಹೋಗೋವರೆಗೂ. ನೀವಿದ್ದಿದ್ರೆ ನಂಗೆ ಹಸಿವಾಯ್ತೇನೋ ಅಂತ ನೋಡ್ತಿದ್ರಿ. ತಪ್ಪು ಅಂತಲ್ಲ ಅತ್ತಿಗೆ. ಆದ್ರೆ ನಾನು ಬಂದಿದ್ದೇ ಇದಕ್ಕೆ.”

ನನಗೇನು ಅರ್ಥವಾಗದೆ ಇಲ್ಲ. ಅವಳಿಗೆ ಬೇಕಾದದ್ದು ಏನೋ ಅದೇ ನನಗೂ ಬೇಕಾಗಿದ್ದು. ಆದರೆ ನಾನು ಅಲ್ಲಿಗೆ ಹೋದ ಕೂಡಲೇ ಅದು ಇಬ್ಬರಿಗೂ ಇರುವುದಿಲ್ಲ. ಇಷ್ಟು ದಿನ ಕುರ್ಚಿ ಒಂದೇ ಇದೆಯಲ್ಲ ಎಂದು ಉರಿದುಕೊಂಡವಳು ಅಲ್ಲಿಗೆ ಇನ್ನೊಂದು ಕುರ್ಚಿ ಎತ್ತಿಕೊಂಡು ಹೊರಟಿದ್ದೆ, ರೈಸ್ ಕುಕ್ಕರ್ ಸಮೇತ.

“ಇನ್ನೊಂದ್ಸಲ ನೀವೊಬ್ಬರೇ ಬನ್ನಿ ಅತ್ತಿಗೆ,” ಎಂದಳು. “ಅಮ್ಮನ್ನ ನಾನು ನೋಡ್ಕೋತೀನಿ. ನಿಮಗೂ ಯಾರಾದ್ರೂ ಜೊತೆಗಾರ್ತೀನ ಹುಟ್ಟಿಸೋಣ. ಮತ್ತೆ ಆ ಸೀರೆ ಬಗ್ಗೆ ಯೋಚ್ನೆ ಮಾಡ್ಬೇಡಿ. ನನ್ನ ಕೈಗೆ ಬಂದ್ಮೇಲೆ ನಿಮಗೇ ಕೊಡ್ತೀನಿ.”

ಕೊಟ್ಟರೆ ಏನು ಬಂತು? ನಾನದನ್ನು ಉಟ್ಟು ಹಬ್ಬದ ದಿನ ಅತ್ತೆಯ ಮುಂದೆ ನಿಂತರೆ, ಸುಮಿತ್ರಳ ಸೀರೆ ನಿನ್ನ ಮೈಮೇಲೆ ಹೇಗೆ ಬಂತು ಎನ್ನುವುದಿಲ್ಲವೆ? ಮಗ್ಗದಿಂದ ಇಳಿದು ಇಷ್ಟು ವರ್ಷವಾದ ಮೇಲೆ ಆ ಸೀರೆ ಪರ್ತ್‌ನಲ್ಲಿ ಉಡಲಾಗದ ಒಂದೇ ಸೀರೆಯಾಯಿತು.

ಹಿತ್ತಲಿನಲ್ಲಿ ಸ್ವಲ್ಪ ಹೊತ್ತು ಒಗೆದ ಅಂಗಿಗಳ ನಡುವೆ ನಿಂತಿದ್ದೆ. ಅತ್ತೆಯ ಬಳಿ ಹೋಗಿ ‘ಶೈಲ ಮೊದಲಿನಿಂದಲೂ ಒಬ್ಬಳೇ ಅತ್ತೆ’ 
ಎಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಸೀರೆ ಉಳಿಯುತ್ತಿತ್ತು, ಸುಮಿತ್ರ ಅಳಿಯುತ್ತಿದ್ದಳು, ನನ್ನನ್ನು ಬೇಡವೆಂದವಳು ನಾಳೆಯೇ ಮುರಿದ ಕಂಬ ಬಿಟ್ಟು ವಿಮಾನ ಹತ್ತುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲೇ ಇಟ್ಟುಕೊಂಡು ಒಳಗೆ ಹೋದೆ. ಅತ್ತೆ ಕಿಟಕಿಯ ಬಳಿ ಕೂತು ಖಾಲಿ ರಸ್ತೆಯನ್ನು ನೋಡುತ್ತಿದ್ದರು.

“ಅತ್ತೆ,” ಎಂದೆ, “ಶೈಲ ಫೋನ್ ಮಾಡಿದ್ಲು. ಸುಮಿತ್ರ ವಾಪಸ್ ಹೋಗೋಲ್ಲ ಅಂದಳಂತೆ. ಏರ್‌ಪೋರ್ಟಿಗೆ ಹೊರಟವಳು ಅರ್ಧ ದಾರಿಯಿಂದ ತಿರುಗಿ ಬಂದಳಂತೆ. ಶೈಲನ್ನ ಒಬ್ಬಳೇ ಬಿಟ್ಟು ಹೇಗೆ ಹೋಗ್ಲಿ, ಕುಂಟ್ಕೊಂಡಾದ್ರೂ ಜೊತೆಗಿರ್ತೀನಿ ಅಂದಳಂತೆ.”

ಅತ್ತೆಯ ಕಣ್ಣಲ್ಲಿ ನೀರು ಬಂತು. “ರಂಗರಾಯರ ಮನೆತನವೇ ಹಾಗೆ,” ಎಂದರು. “ಕಾಲಿಗೆ ಏನು ಹಚ್ಚಿದಾಳೆ?”

“ಹುಣಸೆಹಣ್ಣು, ಉಪ್ಪು ಬಿಸಿ ಮಾಡಿ ಪಟ್ಟು ಹಾಕಿದಾರಂತೆ ಅತ್ತೆ. ಊತ ಇಳೀತಿದೆಯಂತೆ.”

“ಗ್ರೀಸಲ್ಲಿ ಹುಣಸೆಹಣ್ಣು ಸಿಗುತ್ತಾ?”

“ಅವಳ ಚೀಲದಲ್ಲಿತ್ತು.”

“ಇರ್ಲೇಬೇಕು,” ಎಂದು ಅತ್ತೆ ಎದ್ದು ದೇವರ ಮುಂದೆ ಹೋದರು. ಹಳದಿ ಬಟ್ಟೆಯ ತುಂಡಿನಲ್ಲಿ ಕಾಂಗರೂಗಳಿರುವ ಡಾಲರ್ ನಾಣ್ಯ ಕಟ್ಟಿ, ಸುಮಿತ್ರಳ ಕಾಲು ಬೇಗ ವಾಸಿಯಾಗಲೆಂದು ತಿಮ್ಮಪ್ಪನಿಗೆ ಮುಡಿಪಿಟ್ಟರು. ಕಳೆದ ವರ್ಷ ನನ್ನ ಭುಜ ಹಿಡಿದುಕೊಂಡು ತಲೆ ಬಾಚಿಕೊಳ್ಳಲಾಗದೆ ಒದ್ದಾಡಿದಾಗ, ಡಾಕ್ಟರಿಗೆ ತೋರಿಸ್ಕೋ ಎಂದಿದ್ದರು. ಇರಲಿ. ತಿಮ್ಮಪ್ಪನಾದರೂ ಏನು ಮಾಡಿಯಾನು, ಯಾರ ಕಾಲೆಂದು ಹುಡುಕಿಯಾನು? ಹಾದಿಯಲ್ಲಿ ನನ್ನ ಭುಜ ಸಿಕ್ಕರೆ ಅದನ್ನೇ ಸರಿಮಾಡಲಿ ಎಂದು ನಾನೂ ಹಿಂದೆ ನಿಂತು ಕೈಮುಗಿದೆ. ಅತ್ತೆ ತಿರುಗಿ ನೋಡಿ, “ಹಾಗಾದ್ರೆ ನೀನು ಹೋಗೋದೇನೂ ಬೇಡ, ಅಲ್ವಾ?” ಎಂದರು. ಬೇಡ ಅತ್ತೆ ಎಂದೆ. “ಹಾಗಾದ್ರೆ ಒಂದು ಲೋಟ ಕಾಫಿ ಕೊಡಮ್ಮ” ಎಂದರು.

ಕಾಫಿ ಕೊಟ್ಟೆ. ಯಜಮಾನರಿಗೆ ರೋಸ್ಟರ್ ಬದಲಾಯಿಸಬೇಡಿ ಎಂದು ಫೋನ್ ಮಾಡಿದೆ. ಸೂಟ್‌ಕೇಸನ್ನು ಗ್ಯಾರೇಜಿನ ಅಟ್ಟಕ್ಕೇರಿಸಿದೆ. ರಾತ್ರಿಗೆ ಅನ್ನ, ಮೂಲಂಗಿ ಹುಳಿ, ಹಪ್ಪಳ ಮಾಡಿದೆ. ನಿನ್ನೆಯಿಂದ ಹಸಿದಿದ್ದ ಅತ್ತೆ ಹುಳಿಯನ್ನು ಎರಡು ಸಲ ಬಡಿಸಿಕೊಂಡು, ಮೇಲೆ ಮೊಸರನ್ನ ತಿಂದು, ಚೆನ್ನಾಗಿತ್ತು ಎನ್ನುವುದನ್ನು ಮರೆತು, ಊಟದ ಹಿಂದೆಯೇ ಹೋಗಿ ಮಲಗಿದರು. ನಾನು ಹಪ್ಪಳದ ಚೂರುಗಳನ್ನು ತಿಂದು ಮುಗಿಸಿ, ಮೇಜಿನ ಸುತ್ತ ಇದ್ದ ಕುರ್ಚಿಗಳಲ್ಲಿ ಒಂದನ್ನು ಮಾತ್ರ ಉಳಿಸಿ ಬೇರೆಯವನ್ನು ಗೋಡೆಗೆ ಸರಿಸಿದೆ. ಒಂದು ಲೋಟ ಬಿಸಿ ಹಾಲು ಇಟ್ಟುಕೊಂಡು, ಯಾರನ್ನೂ ಏನೂ ಕೇಳದೆ, ಒಬ್ಬಳೇ ಕೂತೆ. ಹಾಲು ಅರ್ಧವಾಗುವವರೆಗೂ ಕೂತಿದ್ದೆ. ಆಮೇಲೆ ಮನೆ ತೀರಾ ನಿಶ್ಶಬ್ದವಾಗಿದೆ ಎನ್ನಿಸಿತು. ಲೋಟ ಎತ್ತಿಕೊಂಡು ಅತ್ತೆಯ ಕೋಣೆಗೆ ಹೋಗಿ, ಅವರ ಗೊರಕೆ ಕೇಳಿಸುವಂತೆ ಮೂಲೆಯ ಕುರ್ಚಿಯಲ್ಲಿ ಕೂತು ಉಳಿದದ್ದನ್ನು ಕುಡಿದೆ. ಮೊದಲು ನಿದ್ದೆ ಹೋದವರು ಅತ್ತೆ. ಎರಡನೆಯವಳು ನಾನು, ಅದೇ ಕುರ್ಚಿಯಲ್ಲಿ. ಗ್ರೀಸಿನಲ್ಲಿ ಆಗಿನ್ನೂ ಬಿಸಿಲಿತ್ತು.